ಗಡ್ಡಕ್ಕೆ ನೀರು ಕಟ್ಟುವ ಸೋಪು

ಶೇವಿಂಗ್ ಸ್ಟಿಕ್ ಎಂದರೆ ಹೆಬ್ಬೆರಳಿಗಿಂತ ತುಸು ದಪ್ಪನೆಯ, ಮುಷ್ಟಿಯಲ್ಲಿ ಹಿಡಿದರೆ ತುದಿ ಮಾತ್ರ ಹೊರಗೆ ಕಾಣುವಷ್ಟು ಉದ್ದದ ಸೋಪಿನ ತುಂಡು. ಬುಡಕ್ಕೆ ಬೆಳ್ಳಿ ಕಾಗದ ಸುತ್ತಿರುತ್ತದೆ, ಇಲ್ಲವೆ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂತಿರುತ್ತದೆ. ನೆನೆದ ಗಡ್ಡದ ಮೇಲೆ ಅದನ್ನು ನೇರವಾಗಿ ಉಜ್ಜಿ, ಒದ್ದೆ ಬ್ರಶ್ ಆಡಿಸಿದರೆ ಕೆನ್ನೆಯ ಮೇಲೆಯೇ ನೊರೆ ಏಳುತ್ತದೆ. ಇದನ್ನು ಕೊಳ್ಳುವಾಗ ಹೆಚ್ಚಿನವರು ಮೂಗಿಗೆ ಹಿಡಿದು ಪರಿಮಳ ನೋಡುತ್ತಾರೆ, ಬೆಲೆ ನೋಡುತ್ತಾರೆ, ಮನೆಗೆ ತಂದ ಮೇಲೆ ನೊರೆ ಎಷ್ಟು ಎದ್ದಿತೆಂದು ನೋಡುತ್ತಾರೆ. ಈ ಮೂರೂ ಸ್ಟಿಕ್ಕಿನ ಯೋಗ್ಯತೆಯನ್ನು ಹೇಳುವುದಿಲ್ಲ ಎಂಬುದು ನನ್ನ ವಾದ. ಗಡ್ಡವನ್ನು ಮೆದು ಮಾಡುವುದು ನೀರು. ಆ ನೀರು ಬ್ಲೇಡು ಬರುವ ತನಕ ಆರದಂತೆ, ಹರಿದುಹೋಗದಂತೆ ಮುಖದ ಮೇಲೆ ಹಿಡಿದು ನಿಲ್ಲಿಸುವುದು ಸೋಪಿನ ಕೆಲಸ. ಗದ್ದೆಗೆ ಬದು ಇದ್ದ ಹಾಗೆ. ಯಾವ ಸ್ಟಿಕ್ ಹೆಚ್ಚು ಹೊತ್ತು ಹೆಚ್ಚು ನೀರನ್ನು ಹಿಡಿದಿಡುತ್ತದೋ ಅದೇ ಒಳ್ಳೆಯದು. ಅದನ್ನು ಅಂಗಡಿಯಲ್ಲಿ ನಿಂತು ಹೆಸರುಪಟ್ಟಿಯಿಂದಲೂ, ಮನೆಯಲ್ಲಿ ಒಂದು ಸ್ಟೀಲ್ ತಟ್ಟೆಯಿಂದಲೂ ಪರೀಕ್ಷಿಸಬಹುದು.

ಮೊದಲು ನೀರಿನ ಮಾತು. ನಮ್ಮ ಊರುಗಳ ಹಳೆಯ ಕ್ಷೌರಿಕರು ಸೋಪು ಕೈಗೆ ಬರುವ ಮುಂಚೆಯೂ ಗಡ್ಡ ತೆಗೆಯುತ್ತಿದ್ದರು. ಒಂದು ಪುಟ್ಟ ಬಟ್ಟಲಲ್ಲಿ ನೀರಿಟ್ಟುಕೊಂಡು, ಬೆರಳು ಅದ್ದಿ, ಕೆನ್ನೆ ಮತ್ತು ಗಲ್ಲವನ್ನು ಸಾಕಷ್ಟು ಹೊತ್ತು ನಾದುತ್ತಿದ್ದರು. ನೋಡುವವರಿಗೆ ಅದು ಕಾಲಹರಣದಂತೆ ಕಂಡರೂ ಅದರಲ್ಲಿ ದೊಡ್ಡ ತಿಳಿವಳಿಕೆ ಇತ್ತು. ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಒಣಗಿದಾಗ ಅದರ ಎಳೆಗಳು ಒಂದಕ್ಕೊಂದು ಬಿಗಿಯಾಗಿ ಕಟ್ಟಿಕೊಂಡಿರುತ್ತವೆ. ನೀರು ಒಳಗೆ ಇಳಿದರೆ ಆ ಕಟ್ಟುಗಳಲ್ಲಿ ಕೆಲವು ಸಡಿಲವಾಗುತ್ತವೆ, ಕೂದಲು ಉಬ್ಬುತ್ತದೆ, ಕತ್ತರಿಸಲು ಬೇಕಾದ ಬಲ ಇಳಿಯುತ್ತದೆ. ಇದು ಒಂದು ಕ್ಷಣದಲ್ಲಿ ಆಗುವ ಕೆಲಸವಲ್ಲ, ಕನಿಷ್ಠ ಎರಡು ಮೂರು ನಿಮಿಷ ಬೇಕು. ನೀರು ಬೆಚ್ಚಗಿದ್ದರೆ ಬೇಗ ಇಳಿಯುತ್ತದೆ. ಮುಖದ ಮೇಲೆ ಎಣ್ಣೆಯ ಪದರ ಇರುತ್ತದೆ, ಅದು ನೀರನ್ನು ಒಳಗೆ ಬಿಡದು, ಸೋಪು ಆ ಎಣ್ಣೆಯನ್ನೂ ತೆಗೆದು ದಾರಿ ಮಾಡಿಕೊಡುತ್ತದೆ. ಸ್ನಾನ ಮುಗಿಸಿ ಬಂದ ಕೂಡಲೇ ಶೇವ್ ಮಾಡಿಕೊಂಡರೆ ಬ್ಲೇಡು ಸರಾಗವಾಗಿ ಹೋಗುವುದು ಈ ಕಾರಣಕ್ಕೆ. ಕ್ಷೌರಿಕರ ನಾದುವ ಕೈ ನಿಂತ ಗಳಿಗೆಯಿಂದ ನೀರು ಆರತೊಡಗುತ್ತಿತ್ತು, ಅದಕ್ಕೇ ಅವರು ನಡುನಡುವೆ ಮತ್ತೆ ಮತ್ತೆ ಬೆರಳು ಅದ್ದಬೇಕಾಗುತ್ತಿತ್ತು. ಆ ಕೊರತೆಯನ್ನು ತುಂಬಲು ಬಂದದ್ದು ಶೇವಿಂಗ್ ಸೋಪು.

ಮೆದು ಮಾಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬ್ಲೇಡಿನ ಕಡೆಯಿಂದಲೂ ಒಂದು ಸಾಕ್ಷಿ ಇದೆ. ಕೂದಲಿಗಿಂತ ಬ್ಲೇಡಿನ ಉಕ್ಕು ಸುಮಾರು 50 ಪಟ್ಟು ಗಡಸು. ಆದರೂ ಬ್ಲೇಡು ಕೆಲವೇ ಸಲಕ್ಕೆ ಮೊಂಡಾಗುತ್ತದೆ. ಹೇಗೆ? ಅಮೆರಿಕದ ಎಂಐಟಿ ಸಂಸ್ಥೆಯ ಸಂಶೋಧಕರು ಬ್ಲೇಡನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ಕೂದಲು ಕತ್ತರಿಸಿ ನೋಡಿದರು. ಆ ಅಧ್ಯಯನ 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಂಚು ನಿಧಾನವಾಗಿ ಸವೆಯುವುದಕ್ಕಿಂತ ಹೆಚ್ಚಾಗಿ, ಕೂದಲು ಬಾಗಿ ಅಂಚಿಗೆ ಓರೆಯಾಗಿ ತಾಗುವ ಕಡೆ ಉಕ್ಕಿನಿಂದ ಸಣ್ಣ ಸಣ್ಣ ಚೂರು ಹಾರುತ್ತದೆ ಎಂದು ಅವರಿಗೆ ಕಂಡಿತು. ಆ ಪ್ರಯೋಗ ಸೋಪಿನ ಬಗ್ಗೆ ನಡೆದದ್ದಲ್ಲ, ಅದರಿಂದ ಸೋಪಿನ ಬಗ್ಗೆ ನೇರ ತೀರ್ಮಾನ ತೆಗೆಯುವುದು ಸರಿಯಲ್ಲ. ಆದರೆ ಅಂಚು ಎಷ್ಟು ನಾಜೂಕಾದದ್ದು ಎಂಬುದು ಅದರಿಂದ ತಿಳಿಯುತ್ತದೆ. ಚೂರು ಹಾರಿದ ಅಂಚು ಗರಗಸದಂತೆ ಚರ್ಮವನ್ನು ಎಳೆಯುತ್ತದೆ. ಗಡ್ಡ ತೆಗೆದ ಮೇಲೆ ಉರಿ ಬಂದರೆ ನಾವು ಬ್ಲೇಡನ್ನು ಬೈಯುತ್ತೇವೆ, ಹೆಚ್ಚು ಬೆಲೆಯ ಬ್ಲೇಡು ತರುತ್ತೇವೆ. ನೀರು ಹಿಡಿಯದ ಸೋಪಿನ ಮೇಲೆ ಅನುಮಾನ ಬರುವುದೇ ಇಲ್ಲ.

ಈಗ ಸೋಪಿನೊಳಗೆ ಇಳಿಯೋಣ. ಎಣ್ಣೆ ಅಥವಾ ಕೊಬ್ಬಿಗೆ ಕ್ಷಾರ ಸೇರಿದರೆ ಸೋಪು ಮತ್ತು ಗ್ಲಿಸರಿನ್ ಹುಟ್ಟುತ್ತವೆ. ಎಲ್ಲ ಎಣ್ಣೆಯೂ ಒಂದೇ ಬಗೆಯ ಸೋಪು ಕೊಡುವುದಿಲ್ಲ. ತೆಂಗಿನೆಣ್ಣೆಯನ್ನು ತೆಗೆದುಕೊಳ್ಳಿ. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಲಾರಿಕ್ ಆಮ್ಲ. ಅದು 12 ಇಂಗಾಲದ ಗಿಡ್ಡ ಸರಪಳಿ. ನೀರಿನಲ್ಲಿ ಥಟ್ಟನೆ ಕರಗುತ್ತದೆ, ದೊಡ್ಡ ದೊಡ್ಡ ಗುಳ್ಳೆ ಎಬ್ಬಿಸುತ್ತದೆ. ಆದರೆ ಗುಳ್ಳೆಯ ಗೋಡೆ ತೆಳು, ಅದರೊಳಗಿನ ನೀರು ಬೇಗ ಜಾರಿ ಕೆಳಗಿಳಿಯುತ್ತದೆ, ಗುಳ್ಳೆ ಒಡೆಯುತ್ತದೆ. ಇದಕ್ಕೆ ಎದುರಾಗಿ ಸ್ಟಿಯರಿಕ್ ಆಮ್ಲ ನೋಡಿ. ಅದು 18 ಇಂಗಾಲದ ಉದ್ದ ಸರಪಳಿ, ಕರಗಲು ಸುಮಾರು 69 ಡಿಗ್ರಿ ಶಾಖ ಬೇಡುವ ಮೇಣದಂಥ ಪದಾರ್ಥ. ಅದರ ಸೋಪು ನಿಧಾನವಾಗಿ ನೊರೆ ಬಿಡುತ್ತದೆ. ಎದ್ದ ನೊರೆಯ ಗುಳ್ಳೆಗಳು ಕಣ್ಣಿಗೆ ಬೇರೆಬೇರೆಯಾಗಿ ಕಾಣದಷ್ಟು ಸಣ್ಣವು, ಗೋಡೆ ಗಟ್ಟಿ, ಅದರಲ್ಲಿ ನೀರು ಸಿಕ್ಕಿಕೊಂಡು ಕೂರುತ್ತದೆ. ಹಸು ಕರೆಯುವಾಗ ಚೊಂಬಿನ ಬಾಯಿಗೆ ಏಳುವ ಹಾಲಿನ ನೊರೆಗೂ, ಕಡೆಗೋಲಿಗೆ ಅಂಟಿ ಬರುವ ಬೆಣ್ಣೆಗೂ ಇರುವ ಅಂತರ ಇವೆರಡರ ನಡುವೆ ಇದೆ. ಮೊದಲನೆಯದು ಪಾತ್ರೆ ತುಂಬಿದಂತೆ ತೋರಿಸುತ್ತದೆ, ಒಲೆಯವರೆಗೆ ಒಯ್ಯುವುದರೊಳಗೆ ಕುಸಿದಿರುತ್ತದೆ. ನೊರೆಯ ಗಾತ್ರ ನೋಡಿ ಸ್ಟಿಕ್ಕಿಗೆ ಅಂಕ ಕೊಡಬಾರದು ಎನ್ನುವುದು ಈ ಕಾರಣಕ್ಕೆ. ಗಾತ್ರವೆಂದರೆ ಗಾಳಿ. ಗಾಳಿ ಗಡ್ಡವನ್ನು ನೆನೆಸುವುದಿಲ್ಲ.

ಕ್ಷಾರದ ಆಯ್ಕೆಯೂ ಇಷ್ಟೇ ಮುಖ್ಯ. ಕಾಸ್ಟಿಕ್ ಸೋಡ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್ ಹಾಕಿದರೆ ಗಟ್ಟಿ ಬಿಲ್ಲೆಯಾಗುವ ಸೋಪು ಬರುತ್ತದೆ. ಮೈಸೋಪುಗಳೆಲ್ಲ ಹೀಗೆ ಆದವು. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿದರೆ ಮೆತ್ತಗಿನ, ನೀರನ್ನು ಬೇಗ ಹೀರಿ ಕರಗುವ ಸೋಪು ಬರುತ್ತದೆ. ನಮ್ಮ ಅಜ್ಜಿಯರು ಪಾತ್ರೆ ಬೆಳಗುತ್ತಿದ್ದ ಒಲೆಯ ಬೂದಿಯಲ್ಲಿದ್ದದ್ದು ಈ ಪೊಟ್ಯಾಸಿಯಂ ಕುಲದ ಕ್ಷಾರವೇ. ಸ್ಟಿಯರಿಕ್ ಆಮ್ಲವನ್ನು ಬರೀ ಸೋಡದ ಜೊತೆ ಸೇರಿಸಿದರೆ ಕಲ್ಲಿನಂತೆ ಗಟ್ಟಿಯಾಗಿ ನೊರೆಯೇ ಬಿಡದು. ಬರೀ ಪೊಟ್ಯಾಸಿಯಂ ಜೊತೆ ಸೇರಿಸಿದರೆ ಅದು ಟ್ಯೂಬಿನ ಕ್ರೀಮಾಗುತ್ತದೆ, ಕಡ್ಡಿಯಾಗಿ ನಿಲ್ಲುವುದಿಲ್ಲ. ಸ್ಟಿಕ್ ತಯಾರಿಸುವವರ ಜಾಣತನವೆಲ್ಲ ಇವೆರಡರ ಹದದಲ್ಲಿದೆ. ಕೈಯಲ್ಲಿ ಹಿಡಿದರೆ ಮುರಿಯಬಾರದು, ಮಳೆಗಾಲದ ಮಂಗಳೂರಿನಲ್ಲಿ ಜೋಲಬಾರದು, ಆದರೆ ಒದ್ದೆ ಗಡ್ಡದ ಮೇಲೆ ಎರಡು ಸಲ ಎಳೆದರೆ ಪದರವಾಗಿ ಬಿಟ್ಟುಕೊಡಬೇಕು. ಇದರಿಂದ ಕೊಳ್ಳುವವರಿಗೊಂದು ಗುರುತು ಸಿಗುತ್ತದೆ. ಒಳ್ಳೆಯ ಸ್ಟಿಕ್ಕಿನ ಮೇಲೆ ಉಗುರು ಊರಿದರೆ ತುಸು ಇಳಿಯುತ್ತದೆ. ಉಗುರು ಜಾರಿಹೋದರೆ ಅದು ಕಡ್ಡಿಯ ಆಕಾರದ ಮೈಸೋಪು ಎಂದು ಅನುಮಾನಿಸಬಹುದು. ಅಂಗಡಿಯಲ್ಲಿ ಉಗುರು ಊರಲು ಯಾರೂ ಬಿಡುವುದಿಲ್ಲ ನಿಜ. ಅಲ್ಲಿ ಹೆಸರುಪಟ್ಟಿ ಓದಬೇಕು.

ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುವುದು ಕಷ್ಟದ ವಿದ್ಯೆಯೇನಲ್ಲ. ನಮ್ಮ ದೇಶದ ನಿಯಮದ ಪ್ರಕಾರ ಶೇಕಡಾ ಒಂದಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಹೆಚ್ಚಿನಿಂದ ಕಡಿಮೆಗೆ ಇಳಿಯುವ ಕ್ರಮದಲ್ಲಿ ಬರೆಯಬೇಕು. ಬೇರೆ ದೇಶಗಳಲ್ಲೂ ಹೆಚ್ಚುಕಡಿಮೆ ಹೀಗೇ. ಆದ್ದರಿಂದ ಮೊದಲ ಮೂರು ನಾಲ್ಕು ಹೆಸರು ಓದಿದರೆ ಸಾಕು. ತುರ್ಕಿಯ ‘ಅರ್ಕೊ’ ಎಂಬ ಸ್ಟಿಕ್ ಜಗತ್ತಿನಾದ್ಯಂತ ಗಡ್ಡ ತೆಗೆಯುವವರಲ್ಲಿ ಹೆಸರುವಾಸಿ, ಬೆಲೆಯೂ ಅಗ್ಗ. ಬಹುಕಾಲ ಅದರ ಪಟ್ಟಿಯ ತಲೆಯಲ್ಲಿ ಕಾಣುತ್ತಿದ್ದದ್ದು ಪೊಟ್ಯಾಸಿಯಂ ಸ್ಟಿಯರೇಟ್, ಅದರ ಬೆನ್ನಿಗೆ ಸೋಡಿಯಂ ಟ್ಯಾಲೊವೇಟ್, ಆಮೇಲೆ ತೆಂಗಿನೆಣ್ಣೆಯಿಂದ ಬಂದ ಪೊಟ್ಯಾಸಿಯಂ ಕೊಕೊಯೇಟ್, ಇನ್ನೂ ಕೆಳಗೆ ಗ್ಲಿಸರಿನ್. ಈ ಪಟ್ಟಿಯೇ ಒಂದು ಪಾಠ. ಉದ್ದ ಸರಪಳಿಯ ಸ್ಟಿಯರಿಕ್ ಬೆನ್ನೆಲುಬು, ಪೊಟ್ಯಾಸಿಯಂ ಮುಂದೆ, ಸೋಡಿಯಂ ಗಟ್ಟಿತನಕ್ಕೆ, ನೊರೆ ಬೇಗ ಏಳಲಿ ಎಂದು ತೆಂಗು ಒಂದಿಷ್ಟು, ತೇವ ಆರದಿರಲಿ ಎಂದು ಗ್ಲಿಸರಿನ್. ಇದೇ ಜಾಗದಲ್ಲಿ ಸೋಡಿಯಂ ಪಾಮೇಟ್, ಸೋಡಿಯಂ ಪಾಮ್ ಕರ್ನಲೇಟ್ ಮೊದಲಿದ್ದು ಪೊಟ್ಯಾಸಿಯಂ ಎಂಬ ಮಾತೇ ಎಲ್ಲೂ ಕಾಣದಿದ್ದರೆ ಅದು ಸ್ನಾನದ ಸೋಪಿನ ಪಟ್ಟಿ. ಮುಂದಿನ ಭಾಗದಲ್ಲಿ ಎಂಥ ಚೆಂದದ ಚಿತ್ರವಿದ್ದರೂ ಅಷ್ಟೇ.

ಟ್ಯಾಲೊವೇಟ್ ಎಂಬ ಹೆಸರಿನ ಹತ್ತಿರ ಸ್ವಲ್ಪ ನಿಲ್ಲಬೇಕು. ಟ್ಯಾಲೊ ಎಂದರೆ ದನದ ಅಥವಾ ಕುರಿಯ ಕೊಬ್ಬು. ಯುರೋಪು, ಅಮೆರಿಕದ ಹಳೆಯ ಶೇವಿಂಗ್ ಸೋಪುಗಳ ಆಧಾರವೇ ಇದು. ದನದ ಕೊಬ್ಬಿನಲ್ಲಿ ಸ್ಟಿಯರಿಕ್ ಸುಮಾರು ಐದನೇ ಒಂದು ಪಾಲು ಇರುವುದರಿಂದ ಅವರಿಗೆ ಅದು ಸಹಜವಾಗಿ ಒದಗಿತು. ನಮ್ಮಲ್ಲಿ ಇದು ಬರೀ ರಸಾಯನಶಾಸ್ತ್ರದ ಪ್ರಶ್ನೆಯಾಗಿ ಉಳಿಯುವುದಿಲ್ಲ. ವನಸ್ಪತಿಯಲ್ಲಿ ದನದ ಕೊಬ್ಬು ಬೆರೆತ ಸಂಗತಿ 1983ರಲ್ಲಿ ದೇಶವನ್ನೇ ಕಲಕಿ, ಸರ್ಕಾರ ಆ ಕೊಬ್ಬಿನ ಆಮದನ್ನು ನಿಷೇಧಿಸಿತು. ಪ್ರಾಣಿಕೊಬ್ಬು ಮುಟ್ಟಲು ಒಲ್ಲದವರು ಹೊರದೇಶದ ಸ್ಟಿಕ್ ಕೊಳ್ಳುವಾಗ ಈ ಒಂದು ಪದವನ್ನು ಹುಡುಕಿ ನೋಡುವುದು ನ್ಯಾಯವೇ. ಟ್ಯಾಲೊ ಇಲ್ಲದೆ ಒಳ್ಳೆಯ ಶೇವಿಂಗ್ ಸೋಪು ಆಗುವುದಿಲ್ಲ ಎಂದು ಕೆಲವರು ಹೇಳುವುದುಂಟು. ಈ ಮಾತನ್ನು ನಾನು ಒಪ್ಪುವುದಿಲ್ಲ. ಬೇಕಾದದ್ದು ಸ್ಟಿಯರಿಕ್. ಅದು ತಾಳೆ ಎಣ್ಣೆಯಿಂದಲೂ ಬರುತ್ತದೆ. ಇದಕ್ಕಿಂತ ಸಂತೋಷದ ಉದಾಹರಣೆ ನಮ್ಮ ಪಶ್ಚಿಮ ಘಟ್ಟದಲ್ಲೇ ಇದೆ. ಮುರುಗಲ ಹಣ್ಣು, ದಕ್ಷಿಣ ಕನ್ನಡದವರ ಪುನರ್ಪುಳಿ, ಅದರ ಸಿಪ್ಪೆಯನ್ನು ಸಾರಿಗೆ, ಶರಬತ್ತಿಗೆ ಬಳಸುತ್ತೇವೆ. ಬೀಜದಿಂದ ತೆಗೆಯುವ ಮುರುಗಲ ತುಪ್ಪವನ್ನು ಮಲೆನಾಡಿನವರು ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೆ ಹಚ್ಚುತ್ತಾರೆ. ಕೋಣೆಯ ಶಾಖದಲ್ಲಿ ಅದು ಬಿಳಿಯ ಉಂಡೆಯಾಗಿ ಗಟ್ಟಿ ಇರುವುದಕ್ಕೆ ಕಾರಣ ಅದರಲ್ಲಿ ಅರ್ಧಕ್ಕೂ ಮಿಕ್ಕಿ ಸ್ಟಿಯರಿಕ್ ಆಮ್ಲ ಇರುವುದು. ದನದ ಕೊಬ್ಬಿನಲ್ಲಿ ಇರುವುದರ ಎರಡು ಪಟ್ಟಿಗಿಂತ ಹೆಚ್ಚು! ಕೈಯಿಂದ ಶೇವಿಂಗ್ ಸೋಪು ಮಾಡುವ ಹೊರದೇಶದ ಸಣ್ಣ ತಯಾರಕರು ‘ಕೋಕಮ್ ಬಟರ್’ ಎಂದು ಇದನ್ನೇ ತರಿಸಿಕೊಂಡು ಹಾಕುತ್ತಾರೆ. ಉತ್ತರ ಕನ್ನಡದ ಬೆಟ್ಟದಲ್ಲಿ ಬಿದ್ದು ಹೋಗುವ ಬೀಜಕ್ಕೆ ಇಂಥದೊಂದು ಬಳಕೆ ಇದೆ ಎಂಬುದು ಇಲ್ಲಿನ ಸೋಪು ಮಾಡುವವರ ಕಿವಿಗೆ ಬೀಳಬೇಕೆಂದು ನನಗೆ ನಿಜವಾಗಿ ಆಸೆ.

ಇಷ್ಟೆಲ್ಲ ಯಾಕೆ, ಒಳ್ಳೆಯ ಮೈಸೋಪನ್ನೇ ಗಡ್ಡಕ್ಕೆ ಉಜ್ಜಿಕೊಂಡರೆ ಆಗುವುದಿಲ್ಲವೇ ಎಂದು ಕೇಳುವವರು ಬಹಳ. ಈ ಕೇಳಿಕೆ ಅರ್ಥವಿಲ್ಲದ್ದಲ್ಲ, ಲಕ್ಷಾಂತರ ಜನ ಹಾಗೆಯೇ ಮಾಡುತ್ತಾರೆ. ಸೋಪಿನ ಗುಣ ಅಳೆಯಲು ನಮ್ಮಲ್ಲಿ ಟಿಎಫ್‌ಎಂ ಎಂಬ ಲೆಕ್ಕವಿದೆ, ಅಂದರೆ ಸೋಪಿನಲ್ಲಿರುವ ಒಟ್ಟು ಕೊಬ್ಬಿನ ಅಂಶ. ಭಾರತೀಯ ಮಾನಕದಂತೆ 76ಕ್ಕೆ ಕಡಿಮೆಯಿಲ್ಲದಿದ್ದರೆ ಮೊದಲ ದರ್ಜೆ, 70 ಎರಡನೆಯದು, 60 ಮೂರನೆಯದು. ಶತಮಾನ ದಾಟಿದ ನಮ್ಮ ಮೈಸೂರು ಸ್ಯಾಂಡಲ್ ಸೋಪು ಮೊದಲ ದರ್ಜೆಯದು, ಮೈಗೆ ಅದರಷ್ಟು ಹಿತವಾದದ್ದು ಕಡಿಮೆ. ಆದರೆ ಟಿಎಫ್‌ಎಂ ಕೊಬ್ಬು ಎಷ್ಟಿದೆ ಎಂದು ಹೇಳುತ್ತದೆ, ಯಾವ ಕೊಬ್ಬು ಎಂದು ಹೇಳುವುದಿಲ್ಲ, ಯಾವ ಕ್ಷಾರ ಎಂದೂ ಹೇಳುವುದಿಲ್ಲ. ಮೈಸೋಪು ಆಗಬೇಕಾದದ್ದು ಬೇಗ ನೊರೆ ಬಿಟ್ಟು, ಕೊಳೆ ಹಿಡಿದು, ಒಂದು ಚೊಂಬು ನೀರಿಗೆ ಪೂರ್ತಿ ತೊಳೆದುಹೋಗುವಂತೆ. ಶೇವಿಂಗ್ ಸೋಪಿನಿಂದ ನಾವು ಬಯಸುವುದು ಇದಕ್ಕೆ ತದ್ವಿರುದ್ಧ. ಅದು ಜಾರಬಾರದು, ಹೋಗಬಾರದು, ಐದು ನಿಮಿಷ ಕೂತಿರಬೇಕು. ಎತ್ತು ಚೆನ್ನಾಗಿದೆ ಎಂದು ಹಾಲು ಕರೆಯಲು ಕೂರುವುದಿಲ್ಲ. ಇದರಲ್ಲಿ ಎತ್ತಿನ ತಪ್ಪೇನೂ ಇಲ್ಲ.

ನೀರು ಹಿಡಿಯುವ ಮಾತಾಡುವಾಗ ಯಾವ ನೀರು ಎಂಬುದನ್ನು ಬಿಟ್ಟರೆ ಮಾತು ಅರ್ಧವಾಗುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಸೀಮೆಯ ಆಳದ ಬೋರ್‌ವೆಲ್ ನೀರು, ಬೆಂಗಳೂರಿನಲ್ಲಿ ಕಾವೇರಿ ಬಾರದ ಬಡಾವಣೆಗಳಿಗೆ ಟ್ಯಾಂಕರಿನಲ್ಲಿ ಬರುವ ನೀರು, ಇವು ಬಹುಮಟ್ಟಿಗೆ ಗಡಸು. ಗೀಸರಿನ ಕಾಯಿಲ್ ಮೇಲೆ ಗಾರೆಯಂತೆ ಕಟ್ಟುವ ಬಿಳಿ ಪದರವೇ ಅದಕ್ಕೆ ಸಾಕ್ಷಿ. ಕುಡಿಯುವ ನೀರಿಗೆ ನಮ್ಮ ಮಾನಕ ಹೇಳುವ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು ಎನ್ನುತ್ತದೆ. ಆ ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೋಪಿನ ಕೊಬ್ಬಿನಾಮ್ಲವನ್ನು ಹಿಡಿದು ಕರಗದ ಜಿಡ್ಡಾಗಿ ಮಾಡಿಬಿಡುತ್ತವೆ, ಬಕೆಟ್ಟಿನ ಅಂಚಿಗೆ ಅಂಟುವ ಬೂದು ಬಣ್ಣದ ಕಸರು ಅದು. ವಿಷಾದದ ಸಂಗತಿ ಏನೆಂದರೆ ನಾನು ಇಷ್ಟು ಹೊತ್ತು ಹೊಗಳಿದ ಸ್ಟಿಯರಿಕ್ ಸೋಪಿಗೇ ಈ ಕಾಟ ಹೆಚ್ಚು. ತೆಂಗಿನ ಸೋಪು ಸಮುದ್ರದ ಉಪ್ಪುನೀರಿನಲ್ಲೂ ಒಂದಿಷ್ಟು ನೊರೆ ಬಿಡುತ್ತದೆ. ಸ್ಟಿಯರಿಕ್ ಸೋಪು ಗಡಸು ನೀರಿನಲ್ಲಿ ಸಪ್ಪಗಾಗುತ್ತದೆ. ಹಾಗಾದರೆ ಕೋಲಾರದವರಿಗೆ ನನ್ನ ವಾದ ಬಿದ್ದುಹೋಯಿತೇ? ಇಲ್ಲ. ಗಡ್ಡಕ್ಕೆ ಬೇಕಾದ ನೀರು ಒಂದು ಲೋಟ. ಸ್ನಾನಕ್ಕೆ, ಬಟ್ಟೆಗೆ ಮೆದು ನೀರು ಒದಗಿಸುವುದು ಕಷ್ಟ. ಒಂದು ಲೋಟವನ್ನು ಕುಡಿಯುವ ನೀರಿನ ಆರ್‌ಒ ಫಿಲ್ಟರಿನಿಂದ, ಹಿಡಿದಿಟ್ಟ ಮಳೆನೀರಿನಿಂದ ಒದಗಿಸುವುದು ಯಾರಿಗಾದರೂ ಆಗುವ ಕೆಲಸ. ಅದೂ ಇಲ್ಲವೆಂದರೆ ಕುದಿಸಿ ಆರಿಸಿ, ತಳಕ್ಕೆ ಕೂತ ಬಿಳಿಯ ಮಡ್ಡಿಯನ್ನು ಬಿಟ್ಟು ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳಬಹುದು. ಗಡಸುತನದ ಒಂದು ಪಾಲು ಕುದಿಗೆ ಹೋಗುತ್ತದೆ, ಎಲ್ಲವೂ ಹೋಗದು. ಸ್ಟಿಕ್ಕನ್ನು ಎರಡು ಸಲದ ಬದಲು ನಾಲ್ಕು ಸಲ ಎಳೆದರೂ ನಡೆಯುತ್ತದೆ. ಮೊದಲ ಪಾಲು ಸೋಪು ಕ್ಯಾಲ್ಸಿಯಮ್ಮಿಗೆ ಬಲಿಯಾಗಿ, ಉಳಿದದ್ದು ನೊರೆಗೆ ಸಿಗುತ್ತದೆ. ಹೆಸರುಪಟ್ಟಿಯ ಕೊನೆಯಲ್ಲಿ ಇಡಿಟಿಎ ಅಥವಾ ಎಟಿಡ್ರೋನೇಟ್ ಎಂಬ ಪದ ಕಂಡರೆ ಅದು ಈ ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕಲು ಹಾಕಿದ್ದು. ಗಡಸು ನೀರಿನ ಊರಿನವರಿಗೆ ಅದು ಒಳ್ಳೆಯ ಗುರುತು.

ಇನ್ನು ಮನೆಯ ಪರೀಕ್ಷೆ. ಬ್ರಶ್ಶನ್ನು ಬಿಸಿನೀರಿನಲ್ಲಿ ನೆನೆಸಿ ಒಮ್ಮೆ ಕೊಡವಿ. ಒದ್ದೆ ಮಾಡಿದ ಸ್ಟೀಲ್ ತಟ್ಟೆಯ ಮೇಲೆ ಸ್ಟಿಕ್ಕನ್ನು ನಾಲ್ಕು ಸಲ ಉಜ್ಜಿ, ಬ್ರಶ್ ಆಡಿಸಿ, ಹನಿ ಹನಿಯಾಗಿ ನೀರು ಸೇರಿಸುತ್ತ ಹೋಗಿ. ಮೊದಲು ಅಂಟಂಟಾದ ಲೇಪವಿರುತ್ತದೆ, ಆಮೇಲೆ ಗುಳ್ಳೆಗಳು ಕಾಣುತ್ತವೆ, ಇನ್ನೂ ತಿರುಗಿಸಿದರೆ ಗುಳ್ಳೆ ಮಾಯವಾಗಿ ಕೆನೆಮೊಸರಿನಂಥ ಹೊಳಪು ಬರುತ್ತದೆ. ಬ್ರಶ್ ಎತ್ತಿದರೆ ತುದಿ ಕೊಕ್ಕಿನಂತೆ ಬಾಗಿ ನಿಲ್ಲುತ್ತದೆ. ಅಲ್ಲಿಗೆ ನಿಲ್ಲಿಸದೆ ಮತ್ತೆ ಒಂದೊಂದೇ ಹನಿ ಹಾಕಿ. ಎಷ್ಟು ಹನಿಯವರೆಗೆ ಆ ಹೊಳಪು ಕೆಡದೆ ಉಳಿಯುತ್ತದೋ ಅದು ಸ್ಟಿಕ್ಕಿನ ನೀರು ಹಿಡಿಯುವ ಶಕ್ತಿ. ಆಮೇಲೆ ತಟ್ಟೆಯನ್ನು ಓರೆಯಾಗಿ ಗೋಡೆಗೆ ಒರಗಿಸಿ ಐದು ನಿಮಿಷ ಬಿಡಿ. ಕೆಳಗಿನ ಅಂಚಿನಲ್ಲಿ ತಿಳಿನೀರು ಇಳಿದು ನಿಂತಿದ್ದರೆ ನೊರೆ ನೀರನ್ನು ಬಿಟ್ಟುಕೊಟ್ಟಿದೆ ಎಂದರ್ಥ. ಮೇಲ್ಮೈ ಕಾಗದದಂತೆ ಒಣಗಿದ್ದರೂ ಅಷ್ಟೇ. ಬೆರಳಿಟ್ಟರೆ ಇನ್ನೂ ತಂಪಾಗಿ, ಜಾರುವಂತೆ, ಇಟ್ಟ ಜಾಗದಲ್ಲೇ ಇದ್ದರೆ ಆ ಸ್ಟಿಕ್ಕನ್ನು ನಂಬಬಹುದು. ಇದೇ ಪರೀಕ್ಷೆಯನ್ನು ನಲ್ಲಿಯ ನೀರಿನಲ್ಲೊಮ್ಮೆ, ಫಿಲ್ಟರ್ ನೀರಿನಲ್ಲೊಮ್ಮೆ ಮಾಡಿದರೆ ತಪ್ಪು ಸೋಪಿನದೋ ನೀರಿನದೋ ಗೊತ್ತಾಗುತ್ತದೆ. ಒಳ್ಳೆಯ ಸ್ಟಿಕ್ಕುಗಳಿಗೆ ಕೆಟ್ಟ ಹೆಸರು ಬಂದಿರುವುದು ಬಹುತೇಕ ನೀರು ಸಾಲದೆ. ಜನ ಗುಳ್ಳೆ ಕಂಡ ಕೂಡಲೇ ಬ್ರಶ್ ನಿಲ್ಲಿಸುತ್ತಾರೆ.

ಟ್ಯೂಬಿನ ಕ್ರೀಮಿನಲ್ಲೂ ಪೊಟ್ಯಾಸಿಯಂ ಸ್ಟಿಯರೇಟೇ ಇರುತ್ತದಲ್ಲ, ಮತ್ತೆ ಸ್ಟಿಕ್ ಯಾಕೆ ಎಂದು ಕೇಳಬಹುದು. ಒಳ್ಳೆಯ ಕ್ರೀಮನ್ನು ನಾನು ದೂರುವುದಿಲ್ಲ, ನೀರು ಹಿಡಿಯುವುದರಲ್ಲಿ ಅದು ಸ್ಟಿಕ್ಕಿಗೆ ಸಮ. ಆದರೆ ಕ್ರೀಮಿನ ತೂಕದಲ್ಲಿ ದೊಡ್ಡ ಪಾಲು ನೀರೇ ಆಗಿರುತ್ತದೆ. ಮನೆಯ ನಲ್ಲಿಯಲ್ಲಿ ಬರುವುದಕ್ಕೆ ಅಂಗಡಿಯಲ್ಲೂ ದುಡ್ಡು ಕೊಟ್ಟ ಹಾಗೆ. ಸ್ಟಿಕ್ಕಿನಲ್ಲಿ ಹೆಚ್ಚುಪಾಲು ಸೋಪೇ. ಒಂದು ಸಲದ ಗಡ್ಡಕ್ಕೆ ಅರ್ಧ ಗ್ರಾಂ ಖರ್ಚಾಗುತ್ತದೆಂದು ಹಿಡಿದರೂ 75 ಗ್ರಾಮಿನ ಸ್ಟಿಕ್ 150 ಸಲ ಬರಬೇಕು, ದಿನ ಬಿಟ್ಟು ದಿನ ಮಾಡಿಕೊಳ್ಳುವವರಿಗೆ ಹತ್ತು ತಿಂಗಳು. ಅಡುಗೆಮನೆಯ ಸಣ್ಣ ತಕ್ಕಡಿ ಇದ್ದವರು ಹತ್ತು ಶೇವಿಗೆ ಮೊದಲು, ಆಮೇಲೆ ತೂಗಿ ತಮ್ಮ ಲೆಕ್ಕವನ್ನೇ ತೆಗೆಯಬಹುದು. ಪ್ರಯಾಣಕ್ಕೂ ಸ್ಟಿಕ್ಕೇ ಹಗುರ. ಚೀಲದಲ್ಲಿ ಒಡೆದು ಸೋರುವುದಿಲ್ಲ, ವಿಮಾನದ ಕೈಚೀಲದಲ್ಲಿ ದ್ರವಕ್ಕೆ ಹಾಕುವ 100 ಮಿಲಿಲೀಟರ್ ಮಿತಿ ಅದಕ್ಕಿಲ್ಲ. ಸ್ಟಿಕ್ ಮನೆಮನೆಗೆ ಹಬ್ಬಿದ ಕಾಲವೇ ಜನ ಊರು ಬಿಟ್ಟು ಓಡಾಡತೊಡಗಿದ ಕಾಲ. ಜಿಲೆಟ್ ಸೇಫ್ಟಿ ರೇಜರಿಗೆ 1904ರಲ್ಲಿ ಪೇಟೆಂಟ್ ಸಿಕ್ಕಿ, ಕ್ಷೌರಿಕರ ಕುರ್ಚಿಯಲ್ಲಿ ನಡೆಯುತ್ತಿದ್ದ ಕೆಲಸ ಮನೆಯ ಕನ್ನಡಿಯ ಮುಂದೆ ಬಂತು. ಮೊದಲ ಮಹಾಯುದ್ಧದಲ್ಲಿ ವಿಷಾನಿಲದ ಮುಖವಾಡ ಗಾಳಿಯಾಡದಂತೆ ಕೂರಬೇಕಾದರೆ ಕೆನ್ನೆ ನುಣ್ಣಗಿರಬೇಕಿತ್ತು. ಅಮೆರಿಕದ ಸೇನೆಗೆ 35 ಲಕ್ಷ ರೇಜರುಗಳು ಹೋದವು. ಕಂದಕದಲ್ಲಿದ್ದ ಸೈನಿಕರ ಚೀಲದಲ್ಲಿ ತಗಡಿನ ಡಬ್ಬಿಯ ಸ್ಟಿಕ್ ಇರುತ್ತಿತ್ತು.

ಒತ್ತಿದರೆ ನೊರೆ ಬರುವ ಡಬ್ಬಿ ಇನ್ನೂ ಸುಲಭವಲ್ಲವೇ? ಸುಲಭವೇ. ಆ ಡಬ್ಬಿಯಲ್ಲಿರುವುದೂ ಸ್ಟಿಯರಿಕ್ ಆಮ್ಲಕ್ಕೆ ಟ್ರೈಎಥನೊಲಮೀನ್ ಎಂಬ ಕ್ಷಾರ ಸೇರಿಸಿ ಮಾಡಿದ ಸೋಪು, ಅದನ್ನು ಉಬ್ಬಿಸುವುದು ಪ್ರೊಪೇನ್, ಬ್ಯೂಟೇನಿನಂಥ ಅನಿಲ. ಬ್ರಶ್ಶಿನ ಕೆಲಸವನ್ನು ಅನಿಲ ಮಾಡುತ್ತದೆ. ಆದರೆ ಬ್ರಶ್ ಮಾಡುವ ಇನ್ನೊಂದು ಕೆಲಸವನ್ನು ಅದು ಮಾಡಲಾರದು. ಬ್ರಶ್ಶಿನ ಕೂದಲು ಗಡ್ಡದ ಬುಡಕ್ಕೆ ಹೋಗಿ, ಬಿದ್ದ ಕೂದಲನ್ನು ಎಬ್ಬಿಸಿ, ಸುತ್ತಲೂ ನೀರು ತಾಗಿಸುತ್ತದೆ. ಅದು ಹಿಡಿಯುವ ಎರಡು ನಿಮಿಷ ಕೂದಲು ನೆನೆಯಲು ಹೇಗೂ ಬೇಕಾದ ಎರಡು ನಿಮಿಷವೇ. ಡಬ್ಬಿಯವರು ಆ ಸಮಯವನ್ನು ಉಳಿಸಿದ್ದೇವೆ ಎನ್ನುತ್ತಾರೆ. ಕೂದಲಿಗೆ ಬೇಕಾದ ಸಮಯವನ್ನು ಯಾರೂ ಉಳಿಸಲಾರರು.

ಚರ್ಮದ ವಿಚಾರವಾಗಿ ಬರುವ ಆಕ್ಷೇಪ ಇದಕ್ಕಿಂತ ತೂಕದ್ದು. ಚರ್ಮ ಸ್ವಲ್ಪ ಆಮ್ಲೀಯ, ಅದರ ಪಿಎಚ್ 5ರ ಆಸುಪಾಸು. ಸೋಪು ಯಾವುದಾದರೂ ಕ್ಷಾರವೇ, 9ರಿಂದ 10. ದಿನಾ ಹಚ್ಚಿದರೆ ಮುಖ ಒಣಗುತ್ತದೆ ಎನ್ನುವುದರಲ್ಲಿ ಸತ್ಯವಿದೆ. ಆದರೆ ಕ್ರೀಮು, ಡಬ್ಬಿಯ ನೊರೆ ಸಹ ಸೋಪೇ ಆಗಿರುವಾಗ ಈ ದೂರು ಸ್ಟಿಕ್ಕೊಂದರ ಮೇಲಿನದಲ್ಲ. ಮುಖ ಚೆನ್ನಾಗಿ ತೊಳೆದು, ಪಟಿಕದ ಕಲ್ಲನ್ನು ಒದ್ದೆ ಮಾಡಿ ಸವರುವ ನಮ್ಮ ಹಳೆಯ ಪದ್ಧತಿ ಇಲ್ಲಿ ನೆರವಿಗೆ ಬರುತ್ತದೆ. ಪಟಿಕ ಆಮ್ಲೀಯ, ಸಣ್ಣ ಗಾಯದ ರಕ್ತವನ್ನೂ ನಿಲ್ಲಿಸುತ್ತದೆ. ಪರಿಮಳದ ಪದಾರ್ಥಗಳಿಗೆ ಅಲರ್ಜಿ ಇರುವವರು ಪರಿಮಳವಿಲ್ಲದ ಸ್ಟಿಕ್ ಹುಡುಕಬೇಕು. ಎಕ್ಸಿಮಾ ಇರುವವರು ಚರ್ಮವೈದ್ಯರನ್ನು ಕೇಳದೆ ಯಾವ ಸೋಪನ್ನೂ ಹಚ್ಚಬಾರದು. ಮೊಡವೆ ಇರುವ ಹುಡುಗರ ವಿಷಯದಲ್ಲಿ ನಾನು ಸೋಲನ್ನು ಒಪ್ಪಿಕೊಳ್ಳುತ್ತೇನೆ. ಗಟ್ಟಿ ಸ್ಟಿಕ್ಕನ್ನು ಮೊಡವೆಯ ಮೇಲೆ ಎಳೆಯುವುದು ನೋವಿನ ಕೆಲಸ. ಅಂಥವರು ಒದ್ದೆ ಬ್ರಶ್ಶನ್ನೇ ಸ್ಟಿಕ್ಕಿನ ತಲೆಯ ಮೇಲೆ ತಿರುಗಿಸಿ ಸೋಪು ತೆಗೆದುಕೊಳ್ಳಬಹುದು, ಆದರೆ ಆಗ ಸ್ಟಿಕ್ಕಿನ ಅರ್ಧ ಅನುಕೂಲ ಹೋದಂತೆಯೇ.

ಚೊಕ್ಕಟದ ಪ್ರಶ್ನೆಗೆ ಒಂದೇ ಉತ್ತರ. ಸ್ಟಿಕ್ ಒಬ್ಬರದು. ಅಪ್ಪ ಮಗ ಆದರೂ ಹಂಚಿಕೊಳ್ಳಬಾರದು, ಏಕೆಂದರೆ ಅದು ಗಾಯವಾಗಬಹುದಾದ ಚರ್ಮವನ್ನು ನೇರವಾಗಿ ಮುಟ್ಟುತ್ತದೆ. ಸಲೂನುಗಳಲ್ಲಿ ಒಬ್ಬರ ಮುಖಕ್ಕೆ ಉಜ್ಜಿದ್ದನ್ನು ಇನ್ನೊಬ್ಬರಿಗೆ ಉಜ್ಜುವುದು ಸಲ್ಲದು, ಅಲ್ಲಿಗೆ ಕ್ರೀಮೇ ಸರಿ. ಬ್ರಶ್ಶಿನ ವಿಷಯದಲ್ಲೂ ಇದೇ ಎಚ್ಚರ ಬೇಕು. ಮೊದಲ ಮಹಾಯುದ್ಧದ ಕಾಲದಲ್ಲಿ ಸರಿಯಾಗಿ ಶುದ್ಧಿ ಮಾಡದ ಕುದುರೆ ಕೂದಲಿನ ಅಗ್ಗದ ಬ್ರಶ್ಶುಗಳಿಂದ ಬ್ರಿಟನ್, ಅಮೆರಿಕಗಳಲ್ಲಿ ಆಂಥ್ರಾಕ್ಸ್ ರೋಗ ತಗುಲಿ ಜನ ಸತ್ತದ್ದುಂಟು. ಈಗ ಸಿಗುವ ನೈಲಾನ್ ಜಾತಿಯ ಬ್ರಶ್ಶುಗಳಿಗೆ ಆ ಭಯವಿಲ್ಲ, ಬೇಗ ಒಣಗುತ್ತವೆ, ಸ್ಟಿಕ್ಕಿನ ಜೊತೆಗೆ ಚೆನ್ನಾಗಿ ಹೊಂದುತ್ತವೆ.

ಉಜ್ಜುವಾಗ ಗಡ್ಡ ಬೆಳೆದ ದಿಕ್ಕಿಗೆ ಎದುರಾಗಿ ಉಜ್ಜಿ. ಮೊಳೆತ ಕೂದಲು ತೆಂಗಿನಕಾಯಿ ತುರಿಯುವ ಮಣೆಯಂತೆ ಸೋಪನ್ನು ತುರಿದು ಬುಡದಲ್ಲಿ ಹಿಡಿದುಕೊಳ್ಳುತ್ತದೆ. ಪೂರ್ತಿ ನುಣುಪಾದ ಕಡೆ ಸ್ಟಿಕ್ ಜಾರುವುದು ಇದೇ ಕಾರಣಕ್ಕೆ, ಅಲ್ಲಿ ಬ್ರಶ್ಶಿನಿಂದ ಎಳೆದುಕೊಂಡರಾಯಿತು. ಕೆಲಸ ಮುಗಿದ ಮೇಲೆ ಸ್ಟಿಕ್ಕಿನ ತಲೆಯನ್ನು ಒರೆಸಿ, ಮುಚ್ಚಳ ತೆಗೆದು, ನೆಟ್ಟಗೆ ನಿಲ್ಲಿಸಿ ಆರಲು ಬಿಡಬೇಕು. ಒದ್ದೆಯಿರುವಾಗಲೇ ಮುಚ್ಚಿದರೆ ಪೊಟ್ಯಾಸಿಯಂ ಸೋಪು ಆ ನೀರನ್ನೇ ಹೀರಿ ಅಂಟಾಗಿ ಕರಗುತ್ತದೆ, ಕರಾವಳಿಯ ಆಷಾಢದಲ್ಲಿ ಮುಚ್ಚಳಕ್ಕೇ ಅಂಟಿ ಬರುತ್ತದೆ. ಕೊನೆಗೆ ಬೆರಳಿಗೆ ಸಿಗದಷ್ಟು ಗಿಡ್ಡ ತುಂಡು ಉಳಿದಾಗ ಅದನ್ನು ಎಸೆಯುವ ಅಗತ್ಯವಿಲ್ಲ. ಹೊಸ ಸ್ಟಿಕ್ಕಿನ ತಲೆಯನ್ನೂ ಹಳೆಯ ತುಂಡಿನ ತಳವನ್ನೂ ತುಸು ಒದ್ದೆ ಮಾಡಿ ಒತ್ತಿ ಹಿಡಿದು, ಒಂದು ರಾತ್ರಿ ಹಾಗೆಯೇ ನಿಲ್ಲಿಸಿಡಿ. ಬೆಳಗಿನ ಹೊತ್ತಿಗೆ ಎರಡೂ ಒಂದಾಗಿ ಕೂತಿರುತ್ತವೆ.